ಎಣ್ಣೆ ಕೈಗೆ ಕೊಡಬಾರದು

ದೀಪಾವಳಿ ಇನ್ನೂ ಹದಿನೈದು ದಿನ ಇದೆ ಎನ್ನುವಾಗಲೇ ನನ್ನ ಹೆಂಡತಿ ಸುಧಾ ಅಡಿಗೆಮನೆಯ ಮೇಲೆ ದಂಡೆತ್ತಿ ಹೋಗುತ್ತಾಳೆ. ಕಪಾಟಿನ ಡಬ್ಬಿಗಳೆಲ್ಲ ನೆಲಕ್ಕಿಳಿಯುತ್ತವೆ, ವರ್ಷವಿಡೀ ಮುಖ ತೋರಿಸದಿದ್ದ ಜಾಯಿಕಾಯಿ ಎಲ್ಲಿಂದಲೋ ಉರುಳಿಕೊಂಡು ಬರುತ್ತದೆ, ನಾನು ಪೇಪರು ಹಿಡಿದುಕೊಂಡು ಬಾಲ್ಕನಿಗೆ ಗಡಿಪಾರಾಗುತ್ತೇನೆ. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಒಂದು ಕುರ್ಚಿ, ಒಂದು ತುಳಸಿ ಕುಂಡ ಮತ್ತು ನನ್ನ ಹೊಟ್ಟೆ, ಇಷ್ಟಕ್ಕೆ ಸರಿಯಾಗಿ ಜಾಗವಿದೆ. ಮೊನ್ನೆ ಹಾಗೆ ಕೂತಿದ್ದಾಗ ಸುಧಾ ಒಂದು ಹಸಿರು ಗಾಜಿನ ಬಾಟಲಿ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ತಳದಲ್ಲಿ ಎರಡು ಬೆರಳು ಎಣ್ಣೆ ಉಳಿದಿತ್ತು.

“ಇದನ್ನೇನ ಮಾಡ್ಲಿರಿ?” ಎಂದಳು.

ಅದು ಅಕ್ಕನ ಆಲಿವ್ ಎಣ್ಣೆ. ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಸೀರೆಗಳನ್ನು ಬೇಕಾದವರಿಗೆ ಕೊಟ್ಟಾಯಿತು, ಅವಳ ಮಂಚವನ್ನೂ ಮಡಚಿ ಗೋಡೆಗೆ ಒರಗಿಸಿದ್ದಾಯಿತು. ಇದೊಂದು ಮಾತ್ರ ಕಪಾಟಿನ ಹಿಂದೆ ಅಡಗಿ ಕೂತು ಉಳಿದುಕೊಂಡಿದೆ. ಇರಲಿ ಬಿಡು ಎಂದೆ. ಕಮಟು ವಾಸನೆ ಬರುತ್ತಿದೆ ಎಂದು ಸುಧಾ ಮುಚ್ಚಳ ತೆಗೆದು ಮೂಸಿ ಹೇಳಿದಳೇ ಹೊರತು ವಾದ ಮಾಡಲಿಲ್ಲ. ಬಾಟಲಿಯನ್ನು ನನ್ನ ಕುರ್ಚಿಯ ಪಕ್ಕ ನೆಲದ ಮೇಲಿಟ್ಟು ಒಳಗೆ ಹೋದಳು. ನನ್ನ ಪೇಪರು ಓದುವುದು ಅಲ್ಲಿಗೇ ನಿಂತಿತು.

ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದವನಿಗೆ ಕೈಗೇ ಕೊಡಬಹುದಿತ್ತಲ್ಲ ಎಂದು ನಿಮಗನ್ನಿಸಬಹುದು. ನಮ್ಮ ಮನೆಯಲ್ಲಿ ಎಣ್ಣೆಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅಗಲಿಕೆಯಾಗುತ್ತದಂತೆ. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬರುವಾಗ ನಮ್ಮ ಅವ್ವ ಬೀಸುವ ಕಲ್ಲಿನ ಜೊತೆಗೆ ಈ ನೇಮವನ್ನೂ ಕಟ್ಟಿಕೊಂಡು ಬಂದಿದ್ದಳು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಾಚಿಗುಡದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ದೇವರ ನಂತರದ ಮರ್ಯಾದೆ ಎಣ್ಣೆಗೇ ಇತ್ತು. ಊರಿನ ಗಾಣದ ಕುಸುಬಿ ಎಣ್ಣೆ ಡಬ್ಬಿಯಲ್ಲಿ ಬರುತ್ತಿತ್ತು. ಅವ್ವ ಅದನ್ನು ಮಿಳ್ಳಿಗೆ, ಅಂದರೆ ಮೂತಿ ಇರುವ ಪುಟ್ಟ ಹಿತ್ತಾಳೆ ಪಾತ್ರೆಗೆ, ಒಂದು ಹನಿ ಚೆಲ್ಲದಂತೆ ಸುರಿಯುತ್ತಿದ್ದಳು.

ನಾನೂ ಅಕ್ಕನೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಜೋಳದ ರೊಟ್ಟಿಯ ಪಕ್ಕದಲ್ಲಿ ಅವ್ವ ಶೇಂಗಾ ಚಟ್ನಿಪುಡಿ ಹಾಕಿದ ಕೂಡಲೆ ನಾವು ಬೆರಳಿನಿಂದ ಅದರ ನಡುವೆ ಒಂದೊಂದು ಕುಣಿ ತೋಡಿ ಕಾಯುತ್ತಿದ್ದೆವು. ಅವ್ವ ಆ ಕುಣಿಗಳಿಗೆ ಹಸಿ ಎಣ್ಣೆ ಬಿಡುತ್ತಿದ್ದಳು. ನನ್ನ ಕುಣಿ ಯಾವಾಗಲೂ ಬಾವಿಯಷ್ಟು ಆಳ; ಆದರೂ ನನಗೆ ಸಾಲುತ್ತಿರಲಿಲ್ಲ. ಅಕ್ಕ ತನ್ನ ಕುಣಿಯ ದಂಡೆ ಒಡೆದು ಎಣ್ಣೆಯನ್ನು ನನ್ನ ಕಡೆಗೆ ಹರಿಯಬಿಡುತ್ತಿದ್ದಳು. ಇದು ಕೈಗೆ ಕೊಟ್ಟಂತೆ ಆಗುವುದಿಲ್ಲವೇ ಎಂದು ಒಮ್ಮೆ ಹೆದರಿ ಕೇಳಿದ್ದೆ. ತಾಟಿನ ಮೇಲಿಂದ ಬಂದರೆ ನಡೆಯುತ್ತದೆ ಎಂದು ಅವಳು ಗಂಭೀರವಾಗಿ ತೀರ್ಪು ಕೊಟ್ಟಿದ್ದಳು. ಮುಂದೆ ಟೀಚರಾಗುವವಳ ಲಕ್ಷಣ ಆಗಲೇ ಕಾಣುತ್ತಿತ್ತು.

ಆಲಿವ್ ಎಣ್ಣೆಯೂ ನಮಗೆ ಹೊಸದೇನಲ್ಲ. ಈ ಊರಿನಲ್ಲಿ ಅದಕ್ಕೆ ಜೈತೂನ್ ಕಾ ತೇಲ್ ಎನ್ನುತ್ತಾರೆ. ಚಾರ್‌ಮಿನಾರ್ ಕಡೆಯ ಅತ್ತರಿನ ಅಂಗಡಿಗಳಲ್ಲಿ ಪುಟ್ಟ ತಗಡಿನ ಡಬ್ಬಿಯಲ್ಲಿ ಸಿಗುತ್ತಿತ್ತು. ಅದು ಹಚ್ಚಿಕೊಳ್ಳುವ ಎಣ್ಣೆ ಎಂದಷ್ಟೇ ನಮಗೆ ಗೊತ್ತಿತ್ತು, ಅದನ್ನು ತಿನ್ನುವವರೂ ಇದ್ದಾರೆಂದು ಗೊತ್ತಿರಲಿಲ್ಲ. ನಾನು ಹುಟ್ಟಿದಾಗ ಇಲಿಮರಿಯಷ್ಟಿದ್ದೆನಂತೆ. ನೋಡಲು ಬಂದವರು ಕೂಸಿನ ಮುಖ ನೋಡುವುದು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರಂತೆ. ಅವ್ವನಿಗೆ ಜ್ವರ, ಏಳಲಾಗುತ್ತಿರಲಿಲ್ಲ. ಓಣಿಯ ಹಕೀಮರೊಬ್ಬರು ಮಗುವಿಗೆ ಜೈತೂನ್ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಹಿಡಿಯಿರಿ, ಮೈ ತುಂಬಿಕೊಳ್ಳುತ್ತದೆ ಎಂದರು. ತಿಕ್ಕಿದವಳು ಅಕ್ಕ. ಆಗ ಅವಳಿಗೆ ಹತ್ತು ವರ್ಷ. ಬೆಳಿಗ್ಗೆ ಅಂಗಳದಲ್ಲಿ ಕಾಲು ನೀಡಿ ಕೂತು, ನನ್ನನ್ನು ಮೊಣಕಾಲ ಮೇಲೆ ಬೋರಲು ಹಾಕಿಕೊಂಡು, ಬೆನ್ನು, ಕೈ, ಕಾಲು ತಿಕ್ಕಿ ಆಮೇಲೆ ಸ್ಕೂಲಿಗೆ ಓಡುತ್ತಿದ್ದಳಂತೆ. ಮೈ ತುಂಬಿಕೊಂಡಿತು. ಅರವತ್ತು ದಾಟಿದರೂ ಅದು ತುಂಬಿಕೊಳ್ಳುವುದನ್ನು ನಿಲ್ಲಿಸಿಲ್ಲ, ಆ ಮಾತು ಬೇರೆ.

ಅಕ್ಕ ಮದುವೆಯಾಗಲಿಲ್ಲ. ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರಾಗಿ ಇಡೀ ವಯಸ್ಸನ್ನು ಕರಿಹಲಗೆಯ ಮುಂದೆ ನಿಂತು ಕಳೆದಳು. ರಿಟೈರಾದ ಮೇಲೆ ನಮ್ಮ ಮನೆಗೆ ಬಂದು ಇದ್ದಳು. ನಿಂತು ನಿಂತು ಮೊದಲೇ ಮೊಣಕಾಲು ಸವೆದಿದ್ದವು. ಈಗ ಕೂತು ಕೂತು ಮೈ ಬೆಳೆಯಿತು. ಮೈ ಬೆಳೆದ ಭಾರಕ್ಕೆ ಮೊಣಕಾಲು ಇನ್ನಷ್ಟು ಸವೆದವು. ಕಡೆಕಡೆಗೆ ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ, ಒಂದು ಸಲ ಹುಸಿ ಎದ್ದು, ಎರಡನೆಯ ಸಲ ನಿಜವಾಗಿ ಏಳುತ್ತಿದ್ದಳು.

ನೋವಿನ ಬಗ್ಗೆ ಅವಳು ಹೆಚ್ಚು ಮಾತಾಡಿದವಳಲ್ಲ. ನೆಲಕ್ಕೆ ಕೂರಲಾಗುವುದಿಲ್ಲ ಎಂಬುದೊಂದು ಕೊರಗು ಮಾತ್ರ ಅವಳನ್ನು ತಿನ್ನುತ್ತಿತ್ತು. ನರಕಚತುರ್ದಶಿಯ ಬೆಳಗಿನ ಜಾವ ನಮ್ಮಲ್ಲಿ ಮನೆಯ ಹಿರಿಯ ಹೆಣ್ಣುಮಗಳು ಗಂಡಸರಿಗೆ ಎಣ್ಣೆ ಹಚ್ಚುತ್ತಾಳೆ. ಮಣೆ ಹಾಕಿ ಕೂರಿಸಿ, ತಾನೂ ಎದುರಿಗೆ ನೆಲದ ಮೇಲೆ ಕೂತು, ಮೊದಲು ನೆಲಕ್ಕೆ ಎಣ್ಣೆಯ ಏಳು ಬೊಟ್ಟು ಇಡುತ್ತಾಳೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಇವರು ಸಾವಿಲ್ಲದವರು. ಅವರಿಗೆ ಹಚ್ಚಿದ ಎಣ್ಣೆಯನ್ನೇ ನಿನಗೂ ಹಚ್ಚುತ್ತೇನೆ, ಅವರ ಆಯುಷ್ಯದಲ್ಲಿ ಒಂದಿಷ್ಟು ನಿನಗೂ ಸಿಗಲಿ ಎಂದು ಅದರ ಅರ್ಥ. ಅವ್ವ ಹೋದ ಮೇಲೆ ಇದು ಅಕ್ಕನ ಕೆಲಸವಾಗಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅವಳು ಕುರ್ಚಿಯಲ್ಲಿ ಕೂತು ನನ್ನ ತಲೆಗೆ ಎಣ್ಣೆ ಒತ್ತುತ್ತಿದ್ದಳು. ನೆಲದ ಬೊಟ್ಟುಗಳನ್ನು ಅವಳ ಪರವಾಗಿ ಸುಧಾ ಇಡುತ್ತಿದ್ದಳು. ಅಕ್ಕನಿಗೆ ಅದು ಒಗ್ಗಲೇ ಇಲ್ಲ. “ಕುರ್ಚಿ ಮ್ಯಾಲೆ ಕುಂತು ಹಚ್ಚಿದ್ರ ಕಟಿಂಗ್ ಅಂಗಡ್ಯಾಗ ತಲಿ ತಿಕ್ಕಿಧಂಗ ಆಗತೈತಿ” ಎಂದು ಸಿಡಿಮಿಡಿ ಮಾಡುತ್ತಿದ್ದಳು.

ಹೋದ ವರ್ಷ ಯುಗಾದಿಯ ಹೊತ್ತಿಗೆ ಅವಳನ್ನು ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಪರೇಷನ್ ಮಾಡಬಹುದು, ಆದರೆ ಮೊದಲು ತೂಕ ಇಳಿಸಿಕೊಂಡು ಬನ್ನಿ, ತೂಕ ಇಳಿದರೆ ನೋವೂ ಇಳಿಯುತ್ತದೆ ಎಂದು ಅವರು ಹೇಳಿದರು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: ದೀಪಾವಳಿಗೆ ನಾನು ನೆಲಕ್ಕೆ ಕೂರಬಹುದೇ? ಡಾಕ್ಟರು ನಕ್ಕು, ನೋಡೋಣ ಎಂದು ತೆಲುಗಿನಲ್ಲಿ ಹೇಳಿದರು. ಅವರು ಮಾತು ಕೊಟ್ಟರೆಂದೇ ಅಕ್ಕ ತಿಳಿದುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಆಲಿವ್ ಎಣ್ಣೆಯ ಕಾರುಬಾರು. ಕಾಲೊನಿಯ ಪಾರ್ಕಿನಲ್ಲಿ ಅಕ್ಕನ ಜೊತೆ ಬೆಂಚಿನ ಮೇಲೆ ಕೂರುತ್ತಿದ್ದ ಹೆಂಗಸರು ಅದನ್ನು ಹಾಡಿ ಹೊಗಳಿದ್ದರು. ಫೋನಿಗೆ ಬರುತ್ತಿದ್ದ ವಿಡಿಯೋಗಳಲ್ಲೂ ಅದೇ. ಅದನ್ನು ತಿಂದರೆ ತೂಕ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದು, ಸಕ್ಕರೆ ಹತೋಟಿಗೆ ಬರುತ್ತದೆ, ಮುಖಕ್ಕೆ ಕಳೆ ಬರುತ್ತದೆ. ನಾನು ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದು ಹಸಿರು ಬಾಟಲಿ ತಂದೆ. ಬಾಗಿಲಲ್ಲೇ ಅವಳ ಕೈಗೆ ಕೊಡಹೋದರೆ, “ಕೆಳಗಿಡು” ಎಂದು ಗದರಿದಳು. ಪರದೇಶದ ಎಣ್ಣೆಗೂ ನಮ್ಮ ಅವ್ವನ ಕಾನೂನು ಬಿಡಲಿಲ್ಲ.

ನಾವು ಮಾಡಿದ ತಪ್ಪು ನಮ್ಮಂಥವರೇ ಮಾಡುವಂಥದು. ಇದು ತೂಕ ಇಳಿಸುವ ಎಣ್ಣೆ ಎಂದಮೇಲೆ ಇದು ಔಷಧ. ಔಷಧವನ್ನು ಊಟದ ಜೊತೆಗೆ ತೆಗೆದುಕೊಳ್ಳುತ್ತಾರೆ, ಊಟ ಬಿಟ್ಟು ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ಒಗ್ಗರಣೆಗೆ ಶೇಂಗಾ ಎಣ್ಣೆ ಇದ್ದೇ ಇತ್ತು. ಅದರ ಮೇಲೆ ಅಕ್ಕ ಬೆಳಿಗ್ಗೆ ಬರಿ ಹೊಟ್ಟೆಗೆ ಒಂದು ಚಮಚ ಆಲಿವ್ ಎಣ್ಣೆ ಕುಡಿದಳು. ಮಧ್ಯಾಹ್ನ ಚಟ್ನಿಪುಡಿಯ ಕುಣಿಗೆ ಅದನ್ನೇ ತುಂಬಿಸಿದಳು. ಹೆಚ್ಚು ಹಾಕಿದರೆ ಹೆಚ್ಚು ಇಳಿಯುತ್ತದೆ ಎಂದು ಲೆಕ್ಕ ಕಲಿಸಿದ ಟೀಚರಮ್ಮನ ಲೆಕ್ಕ. ನಾನೂ ಹಿಂದೆ ಬೀಳಲಿಲ್ಲ. ಆಲಿವ್ ಎಣ್ಣೆಯಲ್ಲಿ ಮಿರ್ಚಿ ಭಜಿ ಕರಿದರೆ ಪಥ್ಯವೂ ಆಯಿತು, ಭಜಿಯೂ ಆಯಿತು ಎಂದು ಸುಧಾಳಿಗೆ ಸಲಹೆ ಕೊಟ್ಟೆ. ಅಡಿಗೆಮನೆಯೆಲ್ಲ ಹೊಗೆಯಾಯಿತು. ತಿಂಗಳು ಕಳೆದು ತೂಕ ನೋಡಿದರೆ ನಾನೂ ಅಕ್ಕನೂ ಇಬ್ಬರೂ ಏರಿದ್ದೆವು.

ಆಗ ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಹೋದೆವು. ಸಣ್ಣ ವಯಸ್ಸಿನ ಹುಡುಗಿ. ಅಕ್ಕ ದಿನಚರಿಯನ್ನೆಲ್ಲ ಹೆಮ್ಮೆಯಿಂದ ಹೇಳಿ ಮುಗಿಸುವವರೆಗೆ ನಗು ತಡೆದುಕೊಂಡು ಕೇಳಿದಳು. ಆಮೇಲೆ “ನೂನೆ ನೂನೇ ಕದಾ ಆಂಟೀ” ಎಂದಳು. ಎಣ್ಣೆ ಯಾವುದಾದರೂ ಎಣ್ಣೆಯೇ ಅಲ್ಲವೇ ಎಂದು. ಹೃದಯಕ್ಕೆ ಇದು ಒಳ್ಳೆಯದು ನಿಜ, ಆದರೆ ಒಂದು ಚಮಚದಲ್ಲಿರುವ ಕೊಬ್ಬು ಬೇರೆ ಎಣ್ಣೆಯಲ್ಲಿ ಇರುವಷ್ಟೇ. ಬೇರೆ ಎಣ್ಣೆಯ ಬದಲಿಗೆ ಇದನ್ನು ಬಳಸಬೇಕು, ಅದರ ಮೇಲೆ ಇದನ್ನಲ್ಲ. ಅದೂ ಚಮಚದಲ್ಲಿ ಅಳೆದು. ಸಲಾಡಿನ ಮೇಲೆ ಹಸಿಯಾಗಿ ಹಾಕಿಕೊಳ್ಳಿ, ಕರಿಯಬೇಡಿ, ನಡೆಯಿರಿ, ಅನ್ನ ಕಡಿಮೆ ಮಾಡಿ. ಅಕ್ಕ ತಲೆಯಾಡಿಸಿದಳು. ಹೊರಗೆ ಬಂದಮೇಲೆ, ಈ ಹುಡುಗಿ ಪಾಠ ಚೆನ್ನಾಗಿ ಮಾಡುತ್ತಾಳೆ ಎಂದಳು.

ಬೇಸಿಗೆಯೆಲ್ಲ ಅಕ್ಕ ಆ ಹುಡುಗಿ ಹೇಳಿದ ಹಾಗೆ ಕೇಳಿದಳು. ಪಾರ್ಕಿನಲ್ಲಿ ಬೆಂಚು ಬಿಟ್ಟು ಎದ್ದಳು, ಕೋಲು ಹಿಡಿದು ಸುತ್ತು ಹಾಕಿದಳು. ಚಟ್ನಿಪುಡಿಯ ಕುಣಿ ಬರಬರುತ್ತ ಬೆರಳ ಗುರುತಿನಷ್ಟಾಯಿತು. ತೂಕ ಇಳಿಯತೊಡಗಿತು. ಮೊದಲು ಹನಿ ಹನಿಯಾಗಿ ಇಳಿಯುತ್ತಿದ್ದದ್ದು ಮಳೆಗಾಲದ ಹೊತ್ತಿಗೆ ಸುರಿದ ಹಾಗೆ ಇಳಿಯಿತು. ನಮ್ಮ ಸಂಭ್ರಮ ಹೇಳತೀರದು. ಕೆಳಗಿನ ಟೇಲರು ಅವಳ ಬ್ಲೌಸುಗಳನ್ನು ಹಿಡಿದು ಹೊಲಿದ, ಮತ್ತೆ ಬಿಚ್ಚಿ ಇನ್ನೂ ಹಿಡಿದ. ಪಾರ್ಕಿನ ಹೆಂಗಸರು ಅಕ್ಕನನ್ನು ಸುತ್ತುಗಟ್ಟಿ ಏನು ತಿನ್ನುತ್ತೀರಿ ಎಂದು ಕೇಳುತ್ತಿದ್ದರು. ಅವಳು ಬಾಟಲಿಯ ಹೆಸರು ಹೇಳುತ್ತಿದ್ದಳು, ಅವರು ಕೊಳ್ಳುತ್ತಿದ್ದರು. ಮನೆಯಲ್ಲಿ ಅವಳು ಕೂರುವ ಅಭ್ಯಾಸವನ್ನೂ ಶುರುಮಾಡಿದಳು. ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ಬಚ್ಚಲಿನ ಕುಳ್ಳ ಸ್ಟೂಲಿಗೆ, ಹೀಗೆ ಇಳಿಯುತ್ತ ಬಂದಳು. ಒಂದೊಂದು ಸಲ ಕೂತಾಗಲೂ ನನ್ನನ್ನು ಕೂಗಿ ಕರೆದು ತೋರಿಸುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ.

ದಸರೆಗೆ ಮುಂಚೆ ತೂಕ ನೋಡಿದಾಗ ಆ ಡಯಟೀಷಿಯನ್ ಹುಡುಗಿ ನಗಲಿಲ್ಲ. ಮಿಷನ್ನಿನ ಮೇಲೆ ಇನ್ನೊಮ್ಮೆ ನಿಲ್ಲಿಸಿದಳು. ನಾನು ಹೇಳಿದಷ್ಟನ್ನಾದರೂ ಪೂರ್ತಿ ತಿನ್ನುತ್ತಿದ್ದೀರಾ ಎಂದು ಕೇಳಿದಳು. ಇತ್ತೀಚೆಗೆ ಹಸಿವೇ ಆಗುವುದಿಲ್ಲ, ಎಣ್ಣೆ ಹಸಿವನ್ನು ಕಟ್ಟಿಹಾಕಿದೆ ಎಂದು ಅಕ್ಕ ನಗುತ್ತ ಹೇಳಿದಳು. ಹುಡುಗಿ ಅವಳ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಎದ್ದು ಹೋಗಿ, ಒಬ್ಬ ದೊಡ್ಡ ಡಾಕ್ಟರನ್ನು ಕರೆತಂದಳು. ಸ್ಕ್ಯಾನು ಮಾಡಿಸಿದರು. ಮೇದೋಜೀರಕದಲ್ಲಿ ಗಡ್ಡೆ. ಅಲ್ಲಿಂದ ಲಿವರಿಗೂ ಹಬ್ಬಿತ್ತು. ಈ ಕಾಯಿಲೆ ಒಳಗೇ ಅಡಗಿರುತ್ತದೆ, ಹೊರಗಿನಿಂದ ನೋಡಿದವರಿಗೆ ತಿಳಿಯುವುದಿಲ್ಲ, ಈಗ ಮಾಡುವಂಥದು ಹೆಚ್ಚಿಲ್ಲ ಎಂದು ಡಾಕ್ಟರು ನನ್ನೊಬ್ಬನನ್ನೇ ಕೂರಿಸಿಕೊಂಡು ಹೇಳಿದರು. ನಾನು ಹುಚ್ಚನ ಹಾಗೆ ಆಲಿವ್ ಎಣ್ಣೆಯ ವಿಷಯ ಕೇಳಿದೆ. ಅದರಿಂದ ಕೆಟ್ಟದ್ದೇನೂ ಆಗಿಲ್ಲ, ಈ ತೂಕ ಇಳಿದದ್ದೂ ಅದರಿಂದಲ್ಲ ಎಂದರು. ಅಷ್ಟು ತಿಂಗಳು ನಾವು ಆ ಬಾಟಲಿಗೆ ಕೈ ಮುಗಿಯುವುದೊಂದು ಬಾಕಿ ಇತ್ತು. ನಮ್ಮ ಸಂಭ್ರಮವೆಲ್ಲ ಗಡ್ಡೆಯ ಕೆಲಸಕ್ಕೆ ಆಗಿತ್ತು ಎನ್ನುವುದನ್ನು ನನಗೆ ಈಗಲೂ ನುಂಗಲು ಆಗಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ರಸ್ತೆ, ಮೆಟ್ರೋ ಕಂಬಗಳು, ಮುಂದಿನ ಬಸ್ಸಿನ ಬೆನ್ನು ಎಲ್ಲವನ್ನೂ ನೋಡಿದೆ.

“ಹೇಳು” ಎಂದಳು. “ನಾ ಟೀಚರ್ ಇದ್ದಾಕಿ. ಮುಚ್ಚಿಡೋ ಹುಡುಗರ ಮಾರಿ ನನಗ ಗೊತ್ತಾಗತೈತಿ.”

ಹೇಳಿದೆ. ಹೇಳುವಾಗ ಕನ್ನಡ ಬಾಯಿಗೆ ಬರಲಿಲ್ಲ, ಡಾಕ್ಟರು ಹೇಳಿದ ತೆಲುಗಿನಲ್ಲೇ ಹೇಳಿದೆ. ಅವಳು ನನ್ನ ಮುಖ ಬಿಟ್ಟು ತಾನೂ ರಸ್ತೆಯ ಕಡೆಗೆ ನೋಡಿದಳು. ಆಮೇಲೆ ದೀಪಾವಳಿ ಯಾವತ್ತು ಎಂದು ಕೇಳಿದಳು.

ಆ ನರಕಚತುರ್ದಶಿಯ ಬೆಳಿಗ್ಗೆ ಸುಧಾ ಹಾಲಿನಲ್ಲಿ ರಂಗೋಲಿ ಎಳೆದು ಮಣೆ ಹಾಕಿದಳು. ಅಕ್ಕ ಅಷ್ಟು ಹೊತ್ತಿಗೇ ಎದ್ದು ಮುಖ ತೊಳೆದು ಕುಂಕುಮ ಹಚ್ಚಿಕೊಂಡು ಸಿದ್ಧವಾಗಿದ್ದಳು. ಸುಧಾ ಎಂದಿನ ಕುಸುಬಿ ಎಣ್ಣೆ ಬೆಚ್ಚಗೆ ಮಾಡಲು ಹೋದರೆ ಅಕ್ಕ ತಡೆದು, ಆ ಆಲಿವ್ ಎಣ್ಣೆ ತಾ, ಅದು ಇನ್ನು ನನಗೆ ಬೇಡ, ಇವನ ತಲೆಗೆ ಹಚ್ಚುತ್ತೇನೆ ಎಂದಳು. ಸುಧಾ ಬಟ್ಟಲಿಗೆ ಸುರಿದು ತಂದು ನೆಲದ ಮೇಲಿಟ್ಟಳು. ನಾನು ಅಭ್ಯಾಸಬಲದಿಂದ ಕುರ್ಚಿ ಎಳೆಯಹೋದೆ. ಅಕ್ಕ ಬೇಡವೆಂದು ಕೈಯಾಡಿಸಿದಳು. ಗೋಡೆ ಹಿಡಿಯಲಿಲ್ಲ, ನನ್ನ ಭುಜವನ್ನೂ ಹಿಡಿಯಲಿಲ್ಲ. ಸೀರೆಯ ನೆರಿಗೆ ಎತ್ತಿಕೊಂಡು ಹುಡುಗಿಯ ಹಾಗೆ ಸರಕ್ಕನೆ ನೆಲಕ್ಕೆ ಕೂತುಬಿಟ್ಟಳು.

“ಡಾಕ್ಟರ್ ಹೇಳಿದ್ದು ಖರೇ ಆತು ನೋಡು” ಎಂದಳು. “ತೂಕ ಇಳದ್ರ ಮೊಣಕಾಲ ನೂಸೂದಿಲ್ಲ.”

ಸುಧಾ ಅಡಿಗೆಮನೆಯೊಳಗೆ ಹೋಗಿಬಿಟ್ಟಳು. ಅಕ್ಕ ಬೆರಳದ್ದಿ ಒಂದೊಂದೇ ಹೆಸರು ಹೇಳುತ್ತ ಏಳು ಬೊಟ್ಟು ಇಟ್ಟಳು. ಎಂದೂ ಇಲ್ಲದಷ್ಟು ನಿಧಾನವಾಗಿ, ಸಾಲು ಸೊಟ್ಟಗಾಗದಂತೆ ಇಟ್ಟಳು. ಆಮೇಲೆ ನನ್ನ ನೆತ್ತಿಗೆ ಎಣ್ಣೆ ಒತ್ತಿದಳು. ಮೊದಲೆಲ್ಲ ಅವಳು ಒತ್ತಿದರೆ ಕತ್ತು ಒಳಗೆ ಹೋಗುತ್ತಿತ್ತು. ಆ ದಿನ ಅವಳ ಕೈ ನನ್ನ ತಲೆಯ ಮೇಲಿದೆಯೋ ಇಲ್ಲವೋ ಎಂದು ತಿಳಿಯಲಿಲ್ಲ. ನೂರು ವರ್ಷ ಬಾಳು ಎಂದಳು. ಆಯುಷ್ಯ ಬೇಕಾದದ್ದು ಯಾರಿಗೆ, ಹಚ್ಚಿಸಿಕೊಳ್ಳುತ್ತಿರುವವರು ಯಾರು ಎಂದು ನನಗೆ ಅಳು ಒತ್ತರಿಸಿ ಬಂತು. ಎಣ್ಣೆ ಕಣ್ಣಿಗೆ ಇಳಿದಿದೆ ಎಂಬಂತೆ ಮುಖ ಒರೆಸಿಕೊಂಡೆ.

ಎಲ್ಲ ಮುಗಿದ ಮೇಲೆ ಬಟ್ಟಲಿನಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಅಕ್ಕ ಅದನ್ನು ಎತ್ತಿ ನನ್ನ ಕಡೆಗೆ ಚಾಚಿದಳು. ನಾನು ಕೈ ಹಿಂದಕ್ಕೆಳೆದುಕೊಂಡೆ.

“ಕೆಳಗಿಡು ಅಕ್ಕಾ” ಎಂದೆ.

“ಹಿಡಿಯೋ” ಎಂದಳು. “ಅಗಲೋದು ಹೆಂಗೂ ಬಂದೈತಿ. ಒಮ್ಮೆರ ಕೈಯಾಗ ಕೊಡತೀನಿ.”

ಹಿಡಿದೆ. ಬಟ್ಟಲು ಬೆಚ್ಚಗಿತ್ತು, ಅವಳ ಬೆರಳು ತಣ್ಣಗಿದ್ದವು. ಹುಟ್ಟಿದಂದಿನಿಂದ ಅವಳ ಕೈಯಿಂದ ಏನೆಲ್ಲ ತೆಗೆದುಕೊಂಡಿದ್ದೇನೆ, ಎಣ್ಣೆ ತೆಗೆದುಕೊಂಡದ್ದು ಅದೇ ಮೊದಲು, ಅದೇ ಕೊನೆ.

ಆ ಮೇಲಿನ ದಿನಗಳಲ್ಲಿ ಅವಳ ಪಥ್ಯವೆಲ್ಲ ಮುಗಿಯಿತು. ಏನು ಬೇಕಾದರೂ ತಿನ್ನಲಿ ಎಂದರು ಡಾಕ್ಟರು, ತಿನ್ನಲು ಅವಳಿಗೆ ಏನೂ ಸೇರುತ್ತಿರಲಿಲ್ಲ. ಮೈಯೆಲ್ಲ ಒಣಗಿ ಬಿರಿಯುತ್ತಿತ್ತು. ಬಾಲ್ಕನಿಗೆ ಬಿಸಿಲು ಬರುವ ಹೊತ್ತಿಗೆ ಅವಳನ್ನು ಈ ಕುರ್ಚಿಯಲ್ಲೇ ಕೂರಿಸಿ, ನಾನು ಕೆಳಗೆ ಕೂತು, ಅವಳ ಕಾಲುಗಳನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಲಿವ್ ಎಣ್ಣೆ ತಿಕ್ಕುತ್ತಿದ್ದೆ. ನಾನು ಇಲಿಮರಿಯಷ್ಟಿದ್ದಾಗ ಯಾವ ಕಾಲುಗಳ ಮೇಲೆ ಬೋರಲು ಮಲಗಿದ್ದೆನೋ ಅದೇ ಕಾಲುಗಳು. ಅವಳು ಕಣ್ಣು ಮುಚ್ಚಿ ಬಿಸಿಲಿಗೆ ಮುಖ ಕೊಟ್ಟು ಕೂತಿರುತ್ತಿದ್ದಳು. ಹಕೀಮರು ಹೇಳಿದ್ದನ್ನು ನೆನೆದು ನಾನು ಒಳಗೊಳಗೇ ಬೇಡಿಕೊಳ್ಳುತ್ತ ತಿಕ್ಕಿದೆ. ಈ ಸಲ ಮೈ ತುಂಬಿಕೊಳ್ಳಲಿಲ್ಲ. ಸಂಕ್ರಾಂತಿಗೆ ಮುಂಚೆ ಹೋಗಿಬಿಟ್ಟಳು.

ಬಾಲ್ಕನಿಯಲ್ಲಿ ಎಷ್ಟು ಹೊತ್ತು ಹೀಗೆ ಕೂತಿದ್ದೆನೋ. ಒಳಗೆ ಡಬ್ಬಿಗಳ ಸದ್ದು ನಿಂತಿತ್ತು. ಸುಧಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮತ್ತೆ ಬಾಗಿಲಿಗೆ ಬಂದಳು. ಬಾಟಲಿ ಎಲ್ಲಿಟ್ಟಿದ್ದಳೋ ಅಲ್ಲೇ ಇತ್ತು. ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

“ತಿನ್ನಾಕಂತೂ ಬರಂಗಿಲ್ಲರಿ” ಎಂದಳು ಮೆಲ್ಲಗೆ. “ಹಬ್ಬಕ್ಕ ಅಕ್ಕಾರ ಹೆಸರಿಲೆ ಒಂದು ದೀಪಕ್ಕ ಹಾಕ್ತೀನಿ, ಕೊಡ್ರಿ.”

ನಾನು ಬಾಟಲಿ ಎತ್ತಿ ಅವಳ ಕಡೆಗೆ ಚಾಚಿದೆ. ಏನು ಯೋಚನೆಯಲ್ಲಿದ್ದಳೋ, ಅವಳೂ ಮರೆತು ಕೈ ಚಾಚಿದಳು. ಅವಳ ಬೆರಳು ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಗಬಕ್ಕನೆ ಕೈ ಹಿಂದಕ್ಕೆ ತೆಗೆದುಕೊಂಡೆ. ಕುರ್ಚಿಯಿಂದ ಎದ್ದು, ಅಡ್ಡ ಬಂದ ಹೊಟ್ಟೆಯನ್ನು ಹೇಗೋ ಸರಿಸಿಕೊಂಡು ಬಗ್ಗಿ, ಬಾಟಲಿಯನ್ನು ಅವಳ ಪಾದದ ಹತ್ತಿರ ನೆಲದ ಮೇಲಿಟ್ಟೆ. ಅವಳು ಎತ್ತಿಕೊಳ್ಳುವವರೆಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ.